ಒಂದು ಅಂಡರ್‌ಪಾಸ್, ಮೂರು ಸರ್ಕಾರ

ಮಳೆ ಬಂದರೆ ಸಂತೋಷಪಡಬೇಕು. ಭದ್ರಾವತಿಯಲ್ಲಿ ರೈಲು ಹಳಿಯ ಆಚೆಗಿರುವ ಆ ಬಡಾವಣೆಯವರು ಮಾತ್ರ ಮೋಡ ಕಟ್ಟಿದ ಕೂಡಲೇ ಅಂಡರ್‌ಪಾಸಿನ ಕಡೆಗೆ ನೋಡುತ್ತಿದ್ದರು. ಊರಿಗೂ ಬಡಾವಣೆಗೂ ನಡುವೆ ಇರುವ ಹತ್ತಿರದ ದಾರಿ ಅದೊಂದೇ. ಹಳಿಯ ಕೆಳಗೆ ಕಾಂಕ್ರೀಟಿನ ಪೆಟ್ಟಿಗೆಯಂತೆ ಕಟ್ಟಿದ ದಾರಿ. ಮಳೆ ಸ್ವಲ್ಪ ಹೊತ್ತು ಜೋರಾಗಿ ಹೊಯ್ದರೂ ಸಾಕು, ಆಟೋದ ಸೀಟು ಮುಟ್ಟುವಷ್ಟು ನೀರು ಅದರೊಳಗೆ ನಿಲ್ಲುತ್ತಿತ್ತು.

ಆ ಬೆಳಿಗ್ಗೆಯೂ ಹಾಗೇ ಆಯಿತು. ಫಕ್ರುದ್ದೀನ್ ತನ್ನ ಆಟೋವನ್ನು ನೀರಿನ ಅಂಚಿನಲ್ಲಿ ನಿಲ್ಲಿಸಿ, ಪ್ಯಾಂಟು ಮಡಚಿಕೊಂಡು ಒಳಗೆ ಇಳಿದು ನೋಡಿದ. ನೀರು ತೊಡೆಗೆ ಬಂತು. ಹಿಂದಿರುಗಿದ.

"ಆಗಲ್ಲ ಸಾರ್. ಇಂಜಿನ್‌ಗೆ ನೀರು ಹೋದ್ರೆ ಮಧ್ಯದಲ್ಲೇ ನಿಂತುಬಿಡುತ್ತೆ. ಆಮೇಲೆ ಅಮ್ಮನ್ನ ಎತ್ಕೊಂಡೇ ದಾಟಿಸಬೇಕು."

ಆಟೋದಲ್ಲಿ ಕೂತಿದ್ದವರು ರಾಮಯ್ಯ ಮತ್ತು ಅವರ ಹೆಂಡತಿ ವೇದಾವತಿ. ರಾಮಯ್ಯ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ವೇದಾವತಿಯವರ ಎರಡೂ ಮೂತ್ರಪಿಂಡಗಳು ಸೋತಿದ್ದವು. ವಾರಕ್ಕೆರಡು ಸಲ ಹಳಿಯ ಈಚೆಗಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅಲ್ಲಿ ಯಂತ್ರ ಅವರ ರಕ್ತವನ್ನು ಶುದ್ಧಮಾಡಿ ಕೊಡುತ್ತದೆ. ಅದು ತಪ್ಪಿದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಉಸಿರು ಸಿಗುವುದಿಲ್ಲ.

"ಅಂಡರ್‌ಪಾಸಿಗೂ ನನಗೂ ಒಂದೇ ಕಾಯಿಲೆ," ಎಂದರು ವೇದಾವತಿ ಮೆಲ್ಲಗೆ. "ಬಂದ ನೀರು ಹೊರಗೆ ಹೋಗಲ್ಲ."

ಫಕ್ರುದ್ದೀನ್ ನಕ್ಕ. ರಾಮಯ್ಯ ನಗಲಿಲ್ಲ.

ಸುತ್ತುದಾರಿ ಹಿಡಿದು ಹೋದರು. ಗುಂಡಿಬಿದ್ದ ಮಣ್ಣುರಸ್ತೆ, ಎರಡು ಕಡೆ ಲಾರಿಗಳ ಸಾಲು. ಆಸ್ಪತ್ರೆ ಮುಟ್ಟುವಾಗ ಅವರ ಸರದಿ ಮೀರಿತ್ತು. ನರ್ಸಮ್ಮ ಬೇಸರಪಟ್ಟುಕೊಳ್ಳದೆ ಹಾಸಿಗೆ ಕೊಟ್ಟರು. ಆದರೆ ಮುಂದಿನ ರೋಗಿಯೂ ಕಾಯುತ್ತಿದ್ದ. ಆ ದಿನ ವೇದಾವತಿಯವರಿಗೆ ಪೂರ್ತಿ ಹೊತ್ತು ಯಂತ್ರ ಸಿಗಲಿಲ್ಲ.

ಅದರ ಫಲ ಶನಿವಾರ ಗೊತ್ತಾಯಿತು.

ಬಡಾವಣೆಯ ಆಂಜನೇಯನ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ ಗಮಕ ನಡೆಯುತ್ತದೆ. ವೇದಾವತಿ ಕಾವ್ಯದ ಪದ್ಯಗಳನ್ನು ರಾಗವಾಗಿ ಓದುತ್ತಾರೆ. ಪಕ್ಕದಲ್ಲಿ ಕೂತ ಹೇಮಶ್ರೀ ಒಂದೊಂದೇ ಪದ್ಯದ ಅರ್ಥ ಬಿಡಿಸಿ ಹೇಳುತ್ತಾರೆ. ಹೇಮಶ್ರೀ ವೇದಾವತಿಯವರ ಚಿಕ್ಕಮ್ಮನ ಮಗಳು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಮಳೆಯಿರಲಿ ಬಿಸಿಲಿರಲಿ, ಶನಿವಾರ ಬಸ್ಸು ಹತ್ತಿ ಬಂದೇ ಬರುತ್ತಾರೆ. ಕೇಳುವವರು ಹೆಚ್ಚಿಲ್ಲ. ಇರುವವರು ಮಾತ್ರ ಪ್ರಾಣವನ್ನೇ ಕಿವಿಗೆ ತಂದು ಕೂರುತ್ತಾರೆ.

ಆ ಶನಿವಾರ ಎರಡನೆಯ ಪದ್ಯದಲ್ಲೇ ವೇದಾವತಿಯವರ ಸ್ವರ ಒಡೆಯಿತು. ಸಾಲಿನ ಕೊನೆ ಮುಟ್ಟುವ ಮೊದಲೇ ಉಸಿರು ಮುಗಿದುಹೋಯಿತು. ಮತ್ತೆ ಎತ್ತಿಕೊಂಡರು. ಮತ್ತೆ ನಿಂತಿತು. ಪುಸ್ತಕದ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಕಾಲುಗಳು ಊದಿ ಸೀರೆಯ ಅಂಚಿನ ಕೆಳಗೆ ಹೊಳೆಯುತ್ತಿದ್ದವು.

ಹೇಮಶ್ರೀ ಅರ್ಥ ಹೇಳಲಿಲ್ಲ. ಪದ್ಯವೇ ಮುಗಿಯದಿದ್ದರೆ ಅರ್ಥ ಎಲ್ಲಿಂದ ಬರಬೇಕು? ಮಂಗಳಾರತಿ ಮಾಡಿಸಿ, ಅಕ್ಕನ ಕೈಹಿಡಿದು ಫಕ್ರುದ್ದೀನನ ಆಟೋ ಹತ್ತಿಸಿ ಮನೆಗೆ ಕರೆದುಕೊಂಡು ಬಂದರು. ಫಕ್ರುದ್ದೀನನೂ ಬಾಗಿಲವರೆಗೆ ಬಂದ.

ರಾಮಯ್ಯ ಅಡಿಗೆಮನೆಯಲ್ಲಿ ಕಾಫಿಗೆ ಹಾಲಿಟ್ಟಿದ್ದರು. ಹೆಂಡತಿಯ ಮುಖ ನೋಡಿದ್ದೇ ಅವರ ಸಿಟ್ಟು ಹಾಲಿಗಿಂತ ಮೊದಲು ಉಕ್ಕಿತು.

"ದೆಹಲಿಗೆ ಬರೆದೂ ಬರೆದೂ ನನ್ನ ಕೈ ಸೋತುಹೋಯ್ತು ಹೇಮ. ಎರಡು ಮಳೆಗಾಲ ಆಯ್ತು. ಒಬ್ಬನೂ ಕೇಳ್ತಿಲ್ಲ."

"ದೆಹಲಿಗೇ ಯಾಕೆ ಬರೆದ್ರಿ ಭಾವ?"

"ಮತ್ತೆ ಯಾರಿಗೆ ಬರೀಬೇಕು ಮಾರಾಯ್ತಿ? ಮೇಲೆ ರೈಲು ಓಡುತ್ತೆ. ರೈಲು ದೆಹಲಿದು. ಮೇಲಿನವರಿಗೆ ಹೇಳಿದ್ರೆ ಕೆಳಗಿನವರು ತಾವಾಗೇ ಮಾಡ್ತಾರೆ."

ಇದು ರಾಮಯ್ಯನವರೊಬ್ಬರ ಮಾತಲ್ಲ. ಆ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರಲ್ಲಿ ಬಹಳ ಮಂದಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬಾಳಿ ಬಂದವರು. ಅಲ್ಲಿ ಎಲ್ಲಕ್ಕೂ ಒಂದೇ ಆಫೀಸು. ನಲ್ಲಿ ಸೋರಿದರೆ ಅಲ್ಲಿಗೆ, ಬೀದಿದೀಪ ಕೆಟ್ಟರೆ ಅಲ್ಲಿಗೆ, ಬಚ್ಚಲಿಗೆ ಹಾವು ಬಂದರೂ ಅಲ್ಲಿಗೆ. ಶಾಲೆ ಅವರದು, ಆಸ್ಪತ್ರೆ ಅವರದು, ರಸ್ತೆ ಅವರದು. ಒಂದು ಚೀಟಿ ಬರೆದು ಕೊಟ್ಟರೆ ಸಂಜೆಯೊಳಗೆ ಆಳು ಬರುತ್ತಿದ್ದ. ಅಂಥ ಅನ್ನದಲ್ಲಿ ಬೆಳೆದವರಿಗೆ ಸರ್ಕಾರವೂ ಒಂದು ದೊಡ್ಡ ಕಾರ್ಖಾನೆಯ ಹಾಗೆ ಕಂಡರೆ ತಪ್ಪೇನು?

ರಾಮಯ್ಯ ಅದನ್ನೇ ಬಿಡಿಸಿ ಹೇಳಿದರು. "ನೋಡು, ದೆಹಲಿ ಅಂದ್ರೆ ಜನರಲ್ ಮ್ಯಾನೇಜರ್. ಬೆಂಗಳೂರು ಅಂದ್ರೆ ಫೋರ್‌ಮನ್. ನಮ್ಮ ನಗರಸಭೆ ಅಂದ್ರೆ ಹೆಲ್ಪರ್. ಜನರಲ್ ಮ್ಯಾನೇಜರ್ ಒಂದು ಮಾತು ಹೇಳಿದ್ರೆ ಫೋರ್‌ಮನ್ ಓಡ್ತಾನೆ. ಫೋರ್‌ಮನ್ ಹತ್ರ, ಹೆಲ್ಪರ್ ಹತ್ರ ನಾನ್ಯಾಕೆ ಕೈಮುಗೀಲಿ?"

"ರೈಲ್ವೆಯವರು ಬಂದೇ ಇಲ್ವಾ?"

"ಬಂದಿದ್ರಲ್ಲ ಹೋದ ವರ್ಷ," ಎಂದ ಬಾಗಿಲಲ್ಲಿ ನಿಂತ ಫಕ್ರುದ್ದೀನ್. "ಒಬ್ರು ಇಂಜಿನಿಯರ್ ಸಾಹೇಬ್ರು. ನಾನೇ ಆಟೋದಲ್ಲಿ ಕರ್ಕೊಂಡು ಹೋಗಿದ್ದೆ."

"ಬಂದು ಎಂತ ಮಾಡಿದ?" ರಾಮಯ್ಯ ತಾವೇ ಉತ್ತರ ಕೊಟ್ಟರು. "ರಸ್ತೆ ಪಕ್ಕದಲ್ಲೊಂದು ಗಡಿಕಲ್ಲು ತೋರಿಸಿದ. 'ಈ ಕಲ್ಲಿನ ಒಳಗಡೆ ನಮ್ಮದು, ಹೊರಗಡೆಯಿಂದ ನೀರು ಬರ್ತಿದೆ, ಅಲ್ಲಿಯವರಿಗೂ ಹೇಳಿ' ಅಂದ. ಜಾರ್ಕೊಂಡ. ನಮ್ಮ ಕಾರ್ಖಾನೆಯಲ್ಲಿ ಹಾಗಂದಿದ್ರೆ ಮೆಮೊ ಕೊಡ್ತಿದ್ರು."

ಹೇಮಶ್ರೀ ಕಾಫಿಲೋಟ ಕೆಳಗಿಟ್ಟರು. ಅಕ್ಕನ ಊದಿದ ಪಾದವನ್ನು ತಮ್ಮ ತೊಡೆಯ ಮೇಲೆ ತೆಗೆದುಕೊಂಡು ಮೆಲ್ಲಗೆ ಒತ್ತುತ್ತಾ ಕೇಳಿದರು.

"ಭಾವ, ಶನಿವಾರ ಅಕ್ಕ ಪದ್ಯ ಓದ್ತಾಳೆ. ನಾನು ಅರ್ಥ ಹೇಳ್ತೀನಿ. ಅಕ್ಕ ಹೆಚ್ಚೋ ನಾನು ಹೆಚ್ಚೋ?"

"ಅವಳು ದೊಡ್ಡೋಳು. ನೀನು ಚಿಕ್ಕೋಳು."

"ವಯಸ್ಸು ಬಿಡಿ. ರಾಗ ಬದಲಾಯಿಸು ಅಂತ ನಾನು ಹೇಳಿದ್ರೆ ಅಕ್ಕ ಕೇಳ್ತಾಳಾ?"

"ಕೇಳ್ತಾಳಾ? ಅಲ್ಲೇ ನಿನ್ನ ಕೆಕ್ಕರಿಸ್ಕೊಂಡು ನೋಡ್ತಾಳೆ."

"ನಾನು ಅರ್ಥ ಹೇಳೋವಾಗ ಅಕ್ಕ ಬಾಯಿ ಹಾಕ್ತಾಳಾ?"

"ಅದೊಂದು ಕೆಲಸ ಮಾಡಲ್ಲ," ಎಂದರು ರಾಮಯ್ಯ. "ಮನೇಲಿ ಮಾತ್ರ ನನ್ನ ಮಾತಿಗೆ ಬಾಯಿ ಹಾಕ್ತಾಳೆ."

ವೇದಾವತಿ ಕಣ್ಣು ಮುಚ್ಚಿಕೊಂಡೇ ನಕ್ಕರು.

"ಹಾಗಾದ್ರೆ ನಾನು ಅಕ್ಕನ ಹೆಲ್ಪರ್ ಅಲ್ಲ, ಅಕ್ಕ ನನ್ನ ಜನರಲ್ ಮ್ಯಾನೇಜರ್ ಅಲ್ಲ. ಅವಳ ಕೆಲಸ ಅವಳದು, ನನ್ನ ಕೆಲಸ ನನ್ನದು. ಇದನ್ನ ಹಂಚಿದ್ದು ಅವಳೂ ಅಲ್ಲ, ನಾನೂ ಅಲ್ಲ. ಗಮಕದ ಪದ್ಧತಿ ಹಂಚಿದ್ದು. ನಾವಿಬ್ರೂ ಅದಕ್ಕೆ ತಲೆಬಾಗ್ತೀವಿ. ಕೇಳೋರಿಗೆ ಮಾತ್ರ ಕಾವ್ಯ ಒಂದೇ. ಅಲ್ವಾ?"

"ಹೌದಪ್ಪ. ಅದಕ್ಕೂ ಚರಂಡಿ ನೀರಿಗೂ ಎಂತ ಸಂಬಂಧ?"

"ದೇಶಕ್ಕೂ ಅಂಥದೊಂದು ಪದ್ಧತಿ ಇದೆ. ಅದೇ ಸಂವಿಧಾನ. ಕೆಲಸಗಳನ್ನ ಅದು ಮೂರು ಪಟ್ಟಿ ಮಾಡಿ ಹಂಚಿದೆ. ಇಡೀ ದೇಶಕ್ಕೆ ಒಂದೇ ಥರ ಇರಬೇಕಾದ್ದು ಕೇಂದ್ರ ಪಟ್ಟಿ. ಸೈನ್ಯ, ರೈಲು, ಅಂಚೆ, ನೋಟು ಅಚ್ಚು ಹಾಕೋದು. ನಮ್ಮ ನಮ್ಮ ನೆಲಕ್ಕೆ ತಕ್ಕ ಹಾಗೆ ಇರಬೇಕಾದ್ದು ರಾಜ್ಯ ಪಟ್ಟಿ. ಪೊಲೀಸು, ಆಸ್ಪತ್ರೆ, ಬೇಸಾಯ, ಕುಡಿಯೋ ನೀರು, ಊರ ಆಡಳಿತ. ಇಬ್ಬರೂ ಕಾನೂನು ಮಾಡಬಹುದಾದ್ದು ಮೂರನೇದು, ಸಮವರ್ತಿ ಪಟ್ಟಿ, ಅಂದ್ರೆ ಜಂಟಿ ಪಟ್ಟಿ. ವಿದ್ಯಾಭ್ಯಾಸ, ಕರೆಂಟು, ಕಾಡು, ಹೀಗೆ."

ಫಕ್ರುದ್ದೀನನಿಗೆ ಕುತೂಹಲವಾಯಿತು. "ಹಂಗಾದ್ರೆ ತ್ಯಾವರೆಕೊಪ್ಪದ ಸಫಾರಿಲಿರೋ ಹುಲಿ ಯಾರದು ಮೇಡಂ?"

"ಕಾಡುಪ್ರಾಣಿ ಜಂಟಿ ಪಟ್ಟಿಲಿದೆ ಫಕ್ರುದ್ದೀನ್. ಅದನ್ನ ಕೊಲ್ಲಬಾರದು ಅಂತ ಕಾನೂನು ಮಾಡಿದ್ದು ಪಾರ್ಲಿಮೆಂಟು. ದಿನಾ ಮಾಂಸ ಹಾಕಿ ಸಾಕ್ತಿರೋದು ನಮ್ಮ ರಾಜ್ಯದವರು."

"ಹುಲಿಗಾದ್ರೂ ಇಬ್ರು ಇದಾರೆ," ಎಂದ ಫಕ್ರುದ್ದೀನ್. "ನನ್ನ ಆಟೋಗೆ?"

"ನಿಮಗೂ ಇಬ್ರೇ. ಗಾಡಿಗಳ ದೊಡ್ಡ ಕಾನೂನು ದೆಹಲಿದು. ಲೈಸೆನ್ಸ್ ಕೊಡೋ ಆರ್‌ಟಿಒ ಆಫೀಸು ರಾಜ್ಯದ್ದು."

"ಅಂದ್ರೆ ನಾನೂ ಹುಲಿ," ಎಂದು ಅವನು ರಾಮಯ್ಯನವರ ಕಡೆ ನೋಡಿದ.

ರಾಮಯ್ಯ ಬಿಟ್ಟುಕೊಡುವವರಲ್ಲ. "ಇದೆಲ್ಲ ಪುಸ್ತಕದಲ್ಲಿ ಚೆನ್ನಾಗಿದೆ. ದೆಹಲಿಯವರಿಗೆ ಕೋಪ ಬಂದ್ರೆ ಬೆಂಗಳೂರಿನೋರನ್ನ ಕೆಲಸದಿಂದ ತೆಗೀಬಹುದಲ್ಲ?"

"ಯಾರು ನೇಮಕ ಮಾಡಿದ್ರು ಅವರು ತೆಗೀಬೇಕು ಭಾವ. ಎಂಎಲ್ಎಗೆ ಓಟು ಹಾಕಿದ್ದು ಯಾರು?"

"ನಾನೇ. ನಿಮ್ಮಕ್ಕನೂ."

"ಹಾಗೆ ಗೆದ್ದ ಎಂಎಲ್ಎಗಳಲ್ಲಿ ಹೆಚ್ಚಿನವರು ಯಾರ ಕಡೆ ಇದಾರೋ ಅವರನ್ನ ಮುಖ್ಯಮಂತ್ರಿ ಮಾಡ್ತಾರೆ. ರಾಜ್ಯಪಾಲರು ಪ್ರಮಾಣವಚನ ಕೊಡಿಸ್ತಾರೆ. ಮಂತ್ರಿಗಳು ಲೆಕ್ಕ ಒಪ್ಪಿಸಬೇಕಾದ್ದು ವಿಧಾನಸಭೆಗೆ. ಅಂದ್ರೆ ನಿಮಗೆ. ಎಲ್ಲೋ ಆಡಳಿತ ನಡೆಸೋಕೇ ಆಗದಂಥ ಪರಿಸ್ಥಿತಿ ಬಂದ್ರೆ ರಾಷ್ಟ್ರಪತಿ ಆಳ್ವಿಕೆ ಅಂತ ಇದೆ, ಇಲ್ಲ ಅನ್ನಲ್ಲ. ಅದಕ್ಕೂ ಪಾರ್ಲಿಮೆಂಟ್ ಒಪ್ಪಬೇಕು, ಕೋರ್ಟ್ ಕೇಳಬಹುದು. ಕೋಪ ಬಂತು ಅಂತ ತೆಗೆಯೋ ಹಾಗಿಲ್ಲ."

"ಇಬ್ಬರ ಕಾನೂನೂ ಒಂದಕ್ಕೊಂದು ತಾಗಿದ್ರೆ?"

"ಜಂಟಿ ಪಟ್ಟಿಲಿ ತಾಗಿದ್ರೆ ಸಾಮಾನ್ಯವಾಗಿ ಪಾರ್ಲಿಮೆಂಟಿನ ಮಾತು ನಡೆಯುತ್ತೆ. ಜಗಳ ಬಿದ್ರೆ ಸುಪ್ರೀಂ ಕೋರ್ಟು ಇದೆ."

"ದುಡ್ಡು?" ರಾಮಯ್ಯ ಕೊನೆಯ ಬಾಣ ಬಿಟ್ಟರು. "ದುಡ್ಡೆಲ್ಲ ಅಲ್ಲೇ ಇದೆಯಲ್ಲ."

"ಇಬ್ಬರೂ ತೆರಿಗೆ ಎತ್ತುತ್ತಾರೆ. ಕೇಂದ್ರ ಎತ್ತಿದ್ದರಲ್ಲಿ ರಾಜ್ಯಗಳಿಗೆ ಪಾಲಿದೆ. ಎಷ್ಟು ಪಾಲು ಅಂತ ಸಲಹೆ ಕೊಡಕ್ಕೆ ಹಣಕಾಸು ಆಯೋಗ ಇದೆ. ನಮಗೆ ಕಡಿಮೆ ಬಂತು ಅಂತ ರಾಜ್ಯಗಳು ಕೇಳ್ತಾನೇ ಇರ್ತಾವೆ. ಕೇಳೋದೂ ಈ ಪದ್ಧತಿಯೊಳಗಿನದೇ. ಈಗ ನೋಡಿ, ಅಕ್ಕನ ಡಯಾಲಿಸಿಸ್‌ಗೆ ನೀವು ದುಡ್ಡು ಕೊಡ್ತೀರಾ?"

ರಾಮಯ್ಯ ತಲೆಯಾಡಿಸಿದರು. "ಇಲ್ಲ. ದೇವರಾಣೆ ಒಂದು ರೂಪಾಯಿ ಕೇಳಿಲ್ಲ."

"ಆಸ್ಪತ್ರೆ ರಾಜ್ಯದ್ದು. ಆ ಯೋಜನೆಗೆ ದೆಹಲಿಯ ಪಾಲೂ ಬರುತ್ತೆ, ಬೆಂಗಳೂರಿನ ಪಾಲೂ ಸೇರುತ್ತೆ. ಅಕ್ಕನ ಮೈಯಲ್ಲಿ ಓಡೋ ರಕ್ತ ಇಬ್ಬರ ಕೈದಾಟಿ ಬರ್ತಿದೆ ಭಾವ."

ವೇದಾವತಿ ಕಣ್ಣು ತೆರೆದು ದೇವರ ಗೂಡಿನ ಕಡೆ ನೋಡಿದರು. ಆಮೇಲೆ ಕೇಳಿದರು. "ಹೇಮ, ನಗರಸಭೆ ಎಲ್ಲಿ ಬಂತು ಇದರಲ್ಲಿ?"

"ನಾವು ಓದ್ತೀವಿ, ಅರ್ಥ ಹೇಳ್ತೀವಿ. ದೀಪಕ್ಕೆ ಎಣ್ಣೆ ಹಾಕಿ ಚಾಪೆ ಹಾಸೋರು ಯಾರು?"

"ಗುಡಿಯ ಸಮಿತಿ."

"ಅದೇ ನಗರಸಭೆ. ರಾಜ್ಯ ಮಾಡಿದ ಕಾನೂನಿನಂತೆ ನಡೀತದೆ. ಅದಿರಲೇಬೇಕು ಅಂತ ಸಂವಿಧಾನವೂ ಹೇಳಿದೆ. ಚರಂಡಿ, ಕಸ, ಬೀದಿದೀಪ ಅದರದು. ದೀಪ ಆರಿದ್ರೆ ನಾವು ಬೆಂಗಳೂರಿಗೆ ಪತ್ರ ಬರೀತೀವಾ?"

ರಾಮಯ್ಯ ಎದ್ದು ಕೊಡೆ ತೆಗೆದುಕೊಂಡರು. ಒಪ್ಪಿದ್ದಕ್ಕಲ್ಲ, ಪರೀಕ್ಷೆ ಮಾಡುವುದಕ್ಕೆ.

"ನಡಿ. ಆ ಕಲ್ಲು ತೋರಿಸ್ತೀನಿ. ನಿನ್ನ ಮೂರು ಸರ್ಕಾರನ ಅಲ್ಲಿ ತೋರಿಸು ನೋಡೋಣ."

ಫಕ್ರುದ್ದೀನ್ ಇಬ್ಬರನ್ನೂ ಕರೆದೊಯ್ದ. ಸಂಜೆಯ ಬೆಳಕು ಇನ್ನೂ ಇತ್ತು. ಅಂಡರ್‌ಪಾಸಿನ ಬಾಯಲ್ಲಿ ಕಂದು ನೀರು ಮಲಗಿತ್ತು. ಹೇಮಶ್ರೀ ಗಡಿಕಲ್ಲಿನ ಪಕ್ಕ ನಿಂತರು.

"ಈ ಕಲ್ಲಿನಿಂದ ಒಳಗೆ, ಆ ಪೆಟ್ಟಿಗೆ, ಅದರ ತಳದ ಗುಂಡಿ, ನೀರೆತ್ತೋ ಮೋಟರು, ಇದೆಲ್ಲ ರೈಲ್ವೆ. ಅಂದ್ರೆ ಕೇಂದ್ರ. ನಾವು ನಿಂತಿರೋ ರಸ್ತೆ?"

"ಲೋಕೋಪಯೋಗಿ ಇಲಾಖೆದು," ಎಂದ ಫಕ್ರುದ್ದೀನ್. "ಬೋರ್ಡು ಹಾಕಿದಾರಲ್ಲ ಅಲ್ಲಿ."

"ಅದು ರಾಜ್ಯ. ರಸ್ತೆ ಈ ಕಡೆಗೇ ಇಳಿಜಾರಾಗಿದೆ. ಮಳೆನೀರೆಲ್ಲ ಇಲ್ಲಿಗೇ ಬರ್ತಿದೆ. ಇನ್ನು ಬಡಾವಣೆಯಿಂದ ಬರೋ ಈ ಚರಂಡಿ?"

ರಾಮಯ್ಯ ಬಗ್ಗಿ ನೋಡಿದರು. ಚರಂಡಿ ಕೆರೆಯ ಕಡೆ ಹೋಗಬೇಕಾಗಿತ್ತು. ಹೂಳು, ಪ್ಲಾಸ್ಟಿಕ್ಕು, ತೆಂಗಿನ ಚಿಪ್ಪು ತುಂಬಿ ಬಾಯಿ ಕಟ್ಟಿತ್ತು. ನೀರು ತಿರುಗಿ ಉಕ್ಕಿ ರಸ್ತೆಗೆ ಬರುತ್ತಿತ್ತು, ರಸ್ತೆಯಿಂದ ಅಂಡರ್‌ಪಾಸಿಗೆ ಇಳಿಯುತ್ತಿತ್ತು. ಒಳಗಿನ ಮೋಟರು ಎಷ್ಟು ಎತ್ತಿದರೂ ಅಷ್ಟೇ ನೀರು ಹಿಂದಿನಿಂದ ಬರುತ್ತಿತ್ತು.

"ಇದು ನಗರಸಭೆ," ಎಂದರು ರಾಮಯ್ಯ, ಮೆಲ್ಲಗೆ.

"ಆ ಇಂಜಿನಿಯರು ಜಾರ್ಕೊಂಡಿದ್ದಲ್ಲ ಭಾವ. ದಾರಿ ತೋರಿಸಿದ್ದು."

ರಾಮಯ್ಯ ಕ್ರೇನ್ ನಡೆಸಿದ ಮನುಷ್ಯ. ಕೊಕ್ಕೆ ತಪ್ಪು ಕಡೆ ಸಿಕ್ಕಿಸಿದರೆ ಎಷ್ಟು ಶಕ್ತಿಯ ಕ್ರೇನಾದರೂ ಭಾರ ಏಳುವುದಿಲ್ಲ ಎಂಬುದನ್ನು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಸೋಮವಾರ ಅವರೇ ನಗರಸಭೆಗೆ ಹೋದರು. ಬಡಾವಣೆಯ ನಾಲ್ಕಾರು ಮಂದಿ ಜೊತೆಗಿದ್ದರು. ಜಗಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಅಲ್ಲಿನ ಇಂಜಿನಿಯರ್ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ, ಹೆಸರು ಮಾನಸ. ಕುರ್ಚಿ ಹಾಕಿಸಿ ಕೂರಿಸಿ, ಹೇಳಿದ್ದನ್ನೆಲ್ಲ ಕೇಳಿದಳು.

"ನಿಮ್ಮ ಕಡೆಯಿಂದ ಒಬ್ರೂ ಬಂದಿರಲಿಲ್ಲ ಸರ್. ತೊಂದರೆ ಇಲ್ಲ ಅಂದ್ಕೊಂಡಿದ್ವಿ."

"ದೆಹಲಿಯವರಿಗೆ ಗೊತ್ತಿತ್ತು," ಎಂದರು ರಾಮಯ್ಯ. ತಮ್ಮ ಮಾತಿಗೆ ತಾವೇ ನಕ್ಕುಬಿಟ್ಟರು.

ಅದೇ ವಾರ ಶಿವಮೊಗ್ಗದಲ್ಲಿ ಜಿಲ್ಲಾಧಿಕಾರಿ ಕಚೇರಿಗೂ ಒಂದು ಮನವಿ ಕೊಟ್ಟರು. ಹೇಮಶ್ರೀ ಜೊತೆಗೆ ಬಂದಿದ್ದರು. ಮೂರು ಕಡೆಯವರು ಒಂದು ದಿನ ಒಂದೇ ಹೊತ್ತಿಗೆ ಬಂದು ಸ್ಥಳ ನೋಡಬೇಕು, ಅಷ್ಟೇ ಅವರ ಕೋರಿಕೆ. ದಿನ ಗೊತ್ತಾಯಿತು. ರೈಲ್ವೆಯಿಂದ ಅದೇ ಇಂಜಿನಿಯರ್ ಬಂದರು, ಲೋಕೋಪಯೋಗಿಯಿಂದ ಒಬ್ಬರು, ನಗರಸಭೆಯಿಂದ ಮಾನಸ. ಗಡಿಕಲ್ಲಿನ ಸುತ್ತ ನಿಂತು ಮಾತಾಡಿದರು. ಒಬ್ಬರು ಇನ್ನೊಬ್ಬರಿಗೆ ಅಪ್ಪಣೆ ಮಾಡಲಿಲ್ಲ. ನೀವು ಇಷ್ಟು ಮಾಡಿದರೆ ನಾವು ಇಷ್ಟು ಮಾಡುತ್ತೇವೆ ಎಂದು ಹಂಚಿಕೊಂಡರು. ಕೊಡೆ ಹಿಡಿದು ನಿಂತಿದ್ದ ರಾಮಯ್ಯನವರಿಗೆ ಅದು ಶನಿವಾರದ ಗುಡಿಯಂತೆಯೇ ಕಂಡಿತು.

ಮಾನಸ ಅಲ್ಲಿಂದ ಚರಂಡಿಯ ಗುಂಟ ಬಡಾವಣೆಯೊಳಗೆ ನಡೆದಳು. ಎಲ್ಲರೂ ಹಿಂದೆ ನಡೆದರು. ಒಂದು ಮನೆಯ ಮುಂದೆ ಅವಳು ನಿಂತಳು. ಚರಂಡಿಯ ಮೇಲೆ ದಪ್ಪ ಕಾಂಕ್ರೀಟ್ ಹಾಕಿ ಸ್ಕೂಟರ್ ಹತ್ತಿಸಲು ಇಳಿಜಾರು ಮಾಡಿದ್ದರು. ಅದರ ಅಡಿಯಲ್ಲಿ ಕಸ ಸಿಕ್ಕಿಕೊಂಡು ಕಲ್ಲಾಗಿತ್ತು.

"ಇದನ್ನ ತೆಗೀಬೇಕು. ಇದರಡಿ ನಮ್ಮವರ ಕೈ ಹೋಗಲ್ಲ. ಯಾರ ಮನೆ ಇದು?"

ಫಕ್ರುದ್ದೀನ್ ಆಕಾಶ ನೋಡಿದ. ರಾಮಯ್ಯ ಗಂಟಲು ಸರಿಮಾಡಿಕೊಂಡರು.

"ನಂದೇ."

ಆಮೇಲೆ ಹೇಮಶ್ರೀ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು. "ಇದು ಯಾವ ಪಟ್ಟಿಲಿ ಬರುತ್ತೆ ಮಾರಾಯ್ತಿ?"

"ಇದು ನಿಮ್ಮ ಪಟ್ಟಿ ಭಾವ."

ಮರುದಿನ ಬೆಳಿಗ್ಗೆ ಹಾರೆ ಸುತ್ತಿಗೆ ಹಿಡಿದು ಅವರೇ ಒಡೆದರು. ಫಕ್ರುದ್ದೀನ್ ಚೂರುಗಳನ್ನು ಬುಟ್ಟಿಗೆ ತುಂಬಿದ. ಅದನ್ನು ನೋಡಿ ಎದುರು ಸಾಲಿನ ಮೂರು ಮನೆಯವರೂ ತಮ್ಮ ತಮ್ಮದನ್ನು ಒಡೆದುಕೊಂಡರು. ಮಾರನೆಯ ವಾರ ನಗರಸಭೆಯ ಯಂತ್ರ ಬಂದು ಹೂಳೆತ್ತಿತು. ರೈಲ್ವೆಯವರು ಹಳೆಯ ಮೋಟರಿನ ಜೊತೆಗೆ ಇನ್ನೊಂದನ್ನು ಇಟ್ಟರು. ರಸ್ತೆಯ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯನ್ನು ಲೋಕೋಪಯೋಗಿಯವರು ಒಂದು ಬದಿಗೆ ಮಾಡಿ ಮುಗಿಸಿದರು. ಇನ್ನೊಂದು ಬದಿಯದು ಇನ್ನೂ ಬಾಕಿಯಿದೆ. ಮಳೆ ನಿಂತ ಮೇಲೆ ಮಾಡುತ್ತೇವೆ ಎಂದಿದ್ದಾರೆ. ಅದನ್ನು ಯಾರನ್ನು ಕೇಳಬೇಕೆಂದು ಬಡಾವಣೆಯವರಿಗೆ ಈಗ ಗೊತ್ತಿದೆ. ಎಂಎಲ್ಎ ಬಂದಾಗ ಕೇಳುತ್ತಾರೆ. ರೈಲಿನ ವಿಷಯವಾದರೆ ಎಂಪಿಯನ್ನು ಕೇಳುತ್ತಾರೆ. ಬೀದಿದೀಪದ ಮಾತನ್ನು ಇಬ್ಬರ ಮುಂದೆಯೂ ಎತ್ತುವುದಿಲ್ಲ.

ಶ್ರಾವಣದ ಒಂದು ಬೆಳಗಿನ ಜಾವದಿಂದ ಮಳೆ ಬಿಡದೆ ಹೊಯ್ಯಿತು. ಅಂದು ವೇದಾವತಿಯವರ ಡಯಾಲಿಸಿಸ್ ದಿನ. ರಾಮಯ್ಯ ಆಟೋದಲ್ಲಿ ಹೆಂಡತಿಯ ಕೈ ಹಿಡಿದು ಕೂತಿದ್ದರು. ಇಳಿಜಾರು ಬಂದ ಕೂಡಲೇ ಫಕ್ರುದ್ದೀನ್ ಅಭ್ಯಾಸದಂತೆ ಬ್ರೇಕ್ ಒತ್ತಿದ. ತಲೆ ಹೊರಗೆ ಹಾಕಿ ನೋಡಿದ.

ಅಂಡರ್‌ಪಾಸಿನ ನೆಲ ಒದ್ದೆಯಾಗಿತ್ತು, ಅಷ್ಟೇ. ಪಕ್ಕದ ಚರಂಡಿಯಲ್ಲಿ ನೀರು ಸದ್ದುಮಾಡುತ್ತಾ ಕೆರೆಯ ಕಡೆ ಓಡುತ್ತಿತ್ತು.

ಗಾಡಿ ಒಳಗೆ ಹೋಯಿತು. ನಡುಮಧ್ಯದಲ್ಲಿ ವೇದಾವತಿ, "ಒಂದು ಗಳಿಗೆ ನಿಲ್ಸಪ್ಪ," ಎಂದರು.

"ಇಲ್ಲಿ ಯಾಕೆ ನಿಲ್ಲೋದು? ಹೊತ್ತಾಗುತ್ತೆ," ಎಂದರು ರಾಮಯ್ಯ.

"ಇವತ್ತು ಹೊತ್ತಿದೆ. ಒಂದೇ ಪದ್ಯ."

ಫಕ್ರುದ್ದೀನ್ ಇಂಜಿನ್ ಆರಿಸಿದ. ವೇದಾವತಿ ಹಿಂದಿನ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಕಟ್ಟಿದ ಪದ್ಯ ಅದು. ಸ್ವರ ಎತ್ತಿಕೊಂಡರು. ಕಾಂಕ್ರೀಟಿನ ಗೋಡೆಗಳು ಅದನ್ನು ಹಿಡಿದು ದೊಡ್ಡದು ಮಾಡಿ ಹಿಂದಕ್ಕೆ ಕೊಟ್ಟವು.

ನೀರು ಹರಿಯಿತು ದಾರಿ ತೆರೆಯಿತು
ಊರ ಮಂದಿಯ ಭಯವು ಕಳೆಯಿತು
ಯಾರು ಯಾರೋ ಕೊಟ್ಟ ಕೈಗಳು ಸೇರಿದುದರಿಂದ |
ಪಾರುಗಾಣಿಸಿದವರ ನೆನೆಯುತ
ಯಾರು ಯಾರೆಂದರಿತು ನಮಿಪೆವು
ಭಾರವಿಳಿಸಿದ ದೇವನೇ ನೀ ದೂರ ಸರಿಯದಿರು ||

ಕೊನೆಯ ಸಾಲಿನ ಕೊನೆಯವರೆಗೂ ಉಸಿರು ಸಾಕಾಯಿತು.

ಮೇಲೆ ರೈಲೊಂದು ಹೋಯಿತು. ಆಮೇಲೆ ರಾಮಯ್ಯ ಕಣ್ಣೊರೆಸಿಕೊಂಡು, "ಅರ್ಥ ನಾನು ಹೇಳ್ಲಾ?" ಎಂದರು.

"ಅದು ಹೇಮನ ಕೆಲಸ," ಎಂದರು ವೇದಾವತಿ. "ನೀವು ಆಸ್ಪತ್ರೆಗೆ ನಡೀರಿ."

ಓದುವ, ಕೇಳುವ ಅಣ್ಣಂದಿರೇ, ಅಕ್ಕತಂಗಿಯರೇ. ನಿಮ್ಮ ಬೀದಿಯಲ್ಲೂ ಇಂಥದೊಂದು ಜಾಗ ಇರಬಹುದು. ಸಿಟ್ಟು ಬಂದಾಗ "ಸರ್ಕಾರ" ಎಂದು ಒಂದೇ ಹೆಸರು ಹಿಡಿದು ಬೈಯುವ ಮೊದಲು ಅಲ್ಲಿ ಹೋಗಿ ಒಂದು ಗಳಿಗೆ ನಿಲ್ಲಿ. ಯಾವ ಕೆಲಸ ಯಾರದು ಎಂದು ಕೇಳಿ ತಿಳಿದುಕೊಳ್ಳಿ. ರೈಲು, ಅಂಚೆ ಕೇಂದ್ರದ್ದು. ಆಸ್ಪತ್ರೆ, ಪೊಲೀಸು, ಬೇಸಾಯ ರಾಜ್ಯದ್ದು. ಚರಂಡಿ, ಬೀದಿದೀಪ, ಕಸ ನಿಮ್ಮ ನಗರಸಭೆಯದೋ ಪಂಚಾಯಿತಿಯದೋ ಆಗಿರುತ್ತದೆ. ಗೊತ್ತಾಗದಿದ್ದರೆ ಹತ್ತಿರದ ಕಚೇರಿಗೆ ಹೋಗಿ ಕೇಳಲು ಸಂಕೋಚ ಬೇಡ. ಮೂರಕ್ಕೂ ಬೇರೆ ಬೇರೆ ಚುನಾವಣೆ ಇರುವುದು ಇದಕ್ಕಾಗಿಯೇ. ಮೂರಕ್ಕೂ ತಪ್ಪದೆ ಓಟು ಹಾಕಿ. ಹಾಕುವಾಗ ಆ ಸರ್ಕಾರದ ಕೆಲಸವೇನೆಂದು ನೆನೆದು ಹಾಕಿ.

ಕೆಲಸ ಆದ ಮೇಲೆ, ಮಾಡಿದವರ ಬಳಿಗೆ ಇನ್ನೊಂದು ಸಲ ಹೋಗಿ ಬನ್ನಿ. ರಾಮಯ್ಯ ಹೋಗಿದ್ದರು. ಗುಡಿಯ ಪ್ರಸಾದವನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ನಗರಸಭೆಗೂ, ಲೋಕೋಪಯೋಗಿ ಕಚೇರಿಗೂ, ಕೊನೆಗೆ ರೈಲ್ವೆ ಇಂಜಿನಿಯರ್ ಇದ್ದಲ್ಲಿಗೂ ಹೋಗಿ ಕೊಟ್ಟು ಬಂದರು. ಆ ಇಂಜಿನಿಯರ್ ಎಲೆ ಬಿಚ್ಚಿ, "ಮತ್ತೇನು ದೂರು ಸರ್?" ಎಂದು ಕೇಳಿದರಂತೆ.

"ದೂರಲ್ಲ ಸ್ವಾಮಿ," ಎಂದರಂತೆ ರಾಮಯ್ಯ. "ಕಲ್ಲು ತೋರಿಸಿದ್ದಕ್ಕೆ."